ಬಾರದವರ ಪಟ್ಟಿ

ಲೀಡ್ಸಿನಿಂದ ಫಾರೋಗೆ ಬೆಳಗಿನ ಆರೂ ಇಪ್ಪತ್ತರ ವಿಮಾನ.
ಮೂರೂವರೆಗೇ ಬಂದು ಕೂತಿದ್ದೆವು, ಮೊರಾಗ್ ಮತ್ತು ನಾನು,
ಅವಳು ಕಟ್ಟಿ ತಂದ ಮೊಟ್ಟೆ ಸ್ಯಾಂಡ್‌ವಿಚ್ಚು
ನನ್ನ ತೊಡೆಯ ಮೇಲೆ.

ಗೇಟಿನ ಹುಡುಗಿ ನನ್ನ ಪಾಸ್‌ಪೋರ್ಟನ್ನು ಒಮ್ಮೆ ನೋಡಿದಳು,
ಬೆರಳು ಮಡಚಿ ಏನೋ ಎಣಿಸಿದಳು,
ಮತ್ತೊಮ್ಮೆ ನೋಡಿದಳು.
ಹಾಗೆ ಎರಡನೇ ಸಲ ನೋಡುವುದರ ಅರ್ಥ ನನಗೆ ಗೊತ್ತು.
ಮೂವತ್ತೊಂದು ವರ್ಷ ಕಾರ್ಲೈಲ್ ದಾರಿಯ ರೈಲುಗಳಲ್ಲಿ
ಟಿಕೆಟ್ಟು ತೂತು ಮಾಡಿದ ಕೈ ಇದು.

‘ನವೆಂಬರಿನವರೆಗೂ ಇದೆಯಲ್ಲ, ಇನ್ನೂ ಏಳು ತಿಂಗಳು’ ಎಂದೆ.
‘ಕೊಟ್ಟು ಹತ್ತು ವರ್ಷ ನಾಲ್ಕು ದಿನ ಆಯಿತು, ಸರ್’ ಎಂದಳು.
ಅಲ್ಲಿಯವರು ಹುಟ್ಟಿದ ದಿನದಿಂದ ಎಣಿಸುತ್ತಾರಂತೆ.

ಹಳೆಯ ಪಾಸ್‌ಪೋರ್ಟಿನಲ್ಲಿ ಉಳಿದಿದ್ದ ಏಳು ತಿಂಗಳನ್ನು
ಕಚೇರಿಯವರು ಹೊಸದಕ್ಕೆ ಸೇರಿಸಿ ಕೊಟ್ಟಿದ್ದರು,
ತೂಗಿ ಮುಗಿದ ಮೇಲೆ ಅಂಗಡಿಯವನು
ಒಂದು ಹಿಡಿ ಕೊಸರು ಹಾಕುವ ಹಾಗೆ.
ಹತ್ತು ವರ್ಷ ಅದನ್ನು ನನ್ನದೇ ಅಂದುಕೊಂಡಿದ್ದೆ.
ವರ ಕೊಟ್ಟವರು ಲಿವರ್‌ಪೂಲಿನವರು,
ಬಾಗಿಲಲ್ಲಿ ನಿಂತ ಪೂಜಾರಿ ಬೇರೆ.

‘ನೀನು ಹೋಗು’ ಎಂದೆ. ಅವಳಕ್ಕ ಕರ್ಸ್ಟಿಗೆ ಎಪ್ಪತ್ತು.
‘ಹುಚ್ಚೇ ನಿನಗೆ’ ಅಂದಳು, ಅತ್ತಳು, ಹೋದಳು.
ನನ್ನ ಟೋಪಿ ಅವಳ ಚೀಲದಲ್ಲೇ ಹೋಯಿತು.
ಸಂಜೆ ಫೋನಿಗೆ ಒಂದು ಚಿತ್ರ ಬಂತು:
ಹದಿನಾಲ್ಕು ಬಿ, ಖಾಲಿ ಸೀಟು,
ಸೀಟಿನಲ್ಲಿ ಟೋಪಿ, ಟೋಪಿಗೆ ಬೆಲ್ಟು.
ನಗಬೇಕಿತ್ತು. ಕೆಟಲ್ ಇಟ್ಟೆ.

ಟಿಕೆಟ್ಟಿನ ಹಣ ವಾಪಸು ಕೊಡಿ ಎಂದು ಬರೆದೆ.
ಹನ್ನೊಂದು ಅಂಕಿಯ ಒಂದು ನಂಬರು ಕೊಟ್ಟರು,
ಅದು ಬಾಯಿಪಾಠವಾಗುವಷ್ಟು ದಿನ ಕಾಯಿಸಿದರು,
ಇಪ್ಪತ್ತಮೂರನೇ ದಿನ ಉತ್ತರ:

ಟಿಕೆಟ್ಟಿನ ಹಣ ಬರುವುದಿಲ್ಲ.
ಹೊರಡದವರಿಗೆ ಸರ್ಕಾರದ ತೆರಿಗೆ ಮಾತ್ರ ವಾಪಸು, ಹದಿಮೂರು ಪೌಂಡು.
ಅದನ್ನು ಕೊಡುವ ಖರ್ಚು ಇಪ್ಪತ್ತೈದು.
ಅಂದರೆ ನನ್ನ ಹಣ ನನಗೆ ಬರಬೇಕಾದರೆ
ನಾನೇ ಹನ್ನೆರಡು ಕೊಡಬೇಕು.
ಇರಲಿ. ರೈಲಿನವನಿಗೆ ಇಂಥ ಲೆಕ್ಕ ಹೊಸದಲ್ಲ.

ಕೊನೆಯ ಸಾಲು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು.
‘ನಮ್ಮ ದಾಖಲೆಯ ಪ್ರಕಾರ ತಾವು
ಬಾರದವರ ಪಟ್ಟಿಯಲ್ಲಿದ್ದೀರಿ.’

ಬಾರದವರು!

ಎಂಬತ್ತೇಳರ ಫೆಬ್ರವರಿ, ಡೆಂಟ್ ನಿಲ್ದಾಣ,
ಹಿಮದಲ್ಲಿ ದೀಪದ ಕಂಬವೂ ಕಾಣುತ್ತಿರಲಿಲ್ಲ.
ಒಬ್ಬ ಹುಡುಗ, ಮೂಗು ಸೋರುತ್ತಿತ್ತು,
ಕೈಯಲ್ಲಿ ನಿನ್ನೆಯ ತಾರೀಕಿನ ಟಿಕೆಟ್ಟು.
ನಿನ್ನೆ ರೈಲೇ ಬರಲಿಲ್ಲ ಎಂದ.
‘ನಿಯಮ ಅಂದರೆ ನಿಯಮ, ಮಗಾ’ ಎಂದು ಇಳಿಸಿದೆ.
ಪುಸ್ತಕದಲ್ಲಿ ಬರೆದೆ: ಟಿಕೆಟ್ಟಿಲ್ಲದವನು, ಒಬ್ಬ.
ಅವನ ಹತ್ತಿರ ಟಿಕೆಟ್ಟಿತ್ತು.
ಅಂಗೈಯಲ್ಲಿ ಒದ್ದೆಯಾಗಿ ಮುದುರಿತ್ತು.
ಆ ಪುಸ್ತಕ ಈಗ ಯಾವ ಉಗ್ರಾಣದಲ್ಲಿದೆಯೋ,
ಆ ಸಾಲನ್ನು ತಿದ್ದಲು ಯಾರಿಗೆ ಬರೆಯಬೇಕೋ.

ಮೊರಾಗ್ ಬಿಸಿಲು ಹತ್ತಿಸಿಕೊಂಡು ವಾಪಸು ಬಂದಳು,
ಟೋಪಿಯ ಅಂಚಿನಲ್ಲಿ ಒಂದಿಷ್ಟು ಮರಳು.
ಆ ರಾತ್ರಿ ಇನ್ನೊಂದು ಕಾಗದಕ್ಕೆ ಕೂತೆ.

ಮಾನ್ಯರೇ, ಹಣದ ಮಾತು ಬಿಟ್ಟೆ.
ಆ ಹುಡುಗಿಯದು ತಪ್ಪಲ್ಲ, ಅವಳು ಸರಿಯಾಗಿಯೇ ಎಣಿಸಿದಳು.
ಆದರೆ ನಾನು ಬಂದಿದ್ದೆ.
ನಿಮ್ಮ ಕ್ಯಾಮೆರಾಗಳನ್ನು ಕೇಳಿ ನೋಡಿ:
ಒಂಬತ್ತನೇ ಗೇಟು, ಕಂದು ಕೋಟು, ಬರಿತಲೆ,
ಗಾಜಿಗೆ ಹಣೆ ಹಚ್ಚಿ ನಿಂತ ಮುದುಕ,
ವಿಮಾನ ಮೋಡ ಸೇರುವವರೆಗೂ ಅಲ್ಲೇ ಇದ್ದ,
ಕೈಯಲ್ಲಿ ಎರಡು ಸ್ಯಾಂಡ್‌ವಿಚ್ಚು.
ದಯವಿಟ್ಟು ಆ ಪದವೊಂದನ್ನು ಹೊಡೆದುಹಾಕಿ.
ಇಂತಿ, ಎಲ್ವಿನ್ ಥ್ಯಾಕ್ರೇ.

ಮೊರಾಗ್ ಓದಿದಳು. ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಆಮೇಲೆ ಅಂದಳು:
‘ಮೂರಿತ್ತು. ನಾನು ಒಂದೂ ತಿನ್ನಲಿಲ್ಲ.’
ತಿದ್ದಿದೆ.